ಹಿಡಿದ ಕೈ ಬಿಡುವ ಹೊತ್ತು

ಎಳೆಯ ಮಗುವಿಗೆ ಅಕ್ಷರ ಕಲಿಸುವ ಶಿಕ್ಷಕನು ಮೊದಲು ಆ ಮಗುವಿನ ಪುಟ್ಟ ಕೈಯನ್ನು ತನ್ನ ಕೈಯೊಳಗೆ ಹಿಡಿದು ಪಾಟಿಯ ಮೇಲೆ ತಿದ್ದಿಸುತ್ತಾನೆ. ಹಾಗೆ ಮೂಡಿದ ಅಕ್ಷರವು ದುಂಡಗೆ ಅಂದವಾಗಿರುತ್ತದೆ. ಆದರೆ ಅದು ಶಿಕ್ಷಕನ ಅಕ್ಷರವೇ ಹೊರತು ಮಗುವಿನದಲ್ಲ. ಒಂದು ದಿನ ಶಿಕ್ಷಕನು ಕೈ ಬಿಟ್ಟಾಗ, ನಡುಗುತ್ತ ಸೊಟ್ಟಸೊಟ್ಟಾಗಿ ಆ ಮಗು ತಾನೇ ಬರೆದ ‘ಅ’ಕಾರವೇ ಅದರ ವಿದ್ಯೆಯ ನಿಜವಾದ ಆರಂಭ. ಹಿಡಿಯುವುದು ಎಷ್ಟು ಅಗತ್ಯವೋ, ಹೊತ್ತು ಬಂದಾಗ ಬಿಡುವುದೂ ಅಷ್ಟೇ ಅಗತ್ಯವೆಂಬುದು ತಿಳಿಯದ ಶಿಕ್ಷಕನಿಲ್ಲ. ಆದರೆ ಪರರ ಮಕ್ಕಳ ವಿಷಯದಲ್ಲಿ ತಿಳಿದ ಮಾತನ್ನು ಸ್ವಂತ ಮಗನ ವಿಷಯದಲ್ಲಿ ಆಚರಣೆಗೆ ತರುವುದು ಸುಲಭವಲ್ಲ. ಮುಧೋಳ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಮೇಲಿರುವ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಈ ಪಾಠ ಮನದಟ್ಟಾಗಲು ಸುಮಾರು ಎರಡು ವರ್ಷ ಹಿಡಿಯಿತು.

2015ರ ನವೆಂಬರ ತಿಂಗಳು. ಆ ಸೀಮೆಯಲ್ಲಿ ಅದು ಕಬ್ಬು ನುರಿಸುವ ಕಾಲ. ಹಗಲಿರುಳೆನ್ನದೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಕಾರಖಾನೆಗಳ ಕಡೆಗೆ ಸಾಲುಗಟ್ಟಿ ಸಾಗುತ್ತಿರುತ್ತವೆ. ಮಾಸ್ತರರು ಪಿಯುಸಿ ಎರಡನೆಯ ವರ್ಷದಲ್ಲಿ ಓದುತ್ತಿದ್ದ ಮಗನನ್ನು ಕರೆದುಕೊಂಡು ಬೀಗರ ಮನೆಯ ಮದುವೆಗೆ ಹೋಗಿದ್ದರು. ಊಟ ಮುಗಿಯುವ ವೇಳೆಗೆ ಕತ್ತಲಾಗಿತ್ತು. “ಅಪ್ಪಾ, ಇವತ್ತ ಇಲ್ಲೇ ಇರೂಣು, ಮುಂಜಾನೆ ಎದ್ದು ಹೋಗೂಣು” ಎಂದು ಮಗ ಹೇಳಿದನು. ಮರುದಿನ ಶಾಲೆಗೆ ಮೇಲಧಿಕಾರಿಗಳು ಬರುವವರಿದ್ದರು. ಮಾಸ್ತರರು ಆ ಮಾತಿಗೆ ಕಿವಿಗೊಡದೆ ಮೋಟರ ಸೈಕಲ್ಲು ಹೊರಡಿಸಿದರು. ದಾರಿಯಲ್ಲಿ ಕಬ್ಬಿನ ಟ್ರೇಲರೊಂದು ಕೆಟ್ಟು ನಿಂತಿತ್ತು. ಅದರ ಹಿಂದೆ ದೀಪವಾಗಲಿ, ಕೆಂಪು ಪಟ್ಟಿಯಾಗಲಿ ಇರಲಿಲ್ಲ. ಕಣ್ಣಿಗೆ ಬೀಳುವಷ್ಟರಲ್ಲಿ ಅದು ಮುಂದೆಯೇ ಇತ್ತು. ಮಾಸ್ತರರು ಬಲಕ್ಕೆ ಹೊರಳಿಸಿದರು, ಅವರು ಪಾರಾದರು. ಹಿಂದೆ ಕುಳಿತ ಮಗನ ಎಡಗಾಲು ಟ್ರೇಲರಿನ ಮೂಲೆಗೆ ಬಡಿಯಿತು.

ದಾರಿಹೋಕರು ನಿಂತರು. 108ಕ್ಕೆ ಕರೆ ಹೋಯಿತು. ಕರ್ನಾಟಕದಲ್ಲಿ ಈ ತುರ್ತು ವಾಹನಗಳ ಸೇವೆ 2008ರಲ್ಲಿ ಆರಂಭವಾದುದು. ಅದಕ್ಕೂ ಮೊದಲು ಇಂತಹ ರಾತ್ರಿಗಳಲ್ಲಿ ಗಾಯಾಳುಗಳನ್ನು ಸಿಕ್ಕ ಬಂಡಿಯಲ್ಲಿ ಹಾಕಿಕೊಂಡು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ತಾಲೂಕಿನ ಊರಿನಲ್ಲಿ ಕಾಲಿಗೆ ಉದ್ದನೆಯ ಕಬ್ಬಿಣದ ಚೌಕಟ್ಟು ಕಟ್ಟಿ, ಅಲ್ಲಿಂದ ಬಾಗಲಕೋಟೆಗೆ ಸಾಗಿಸಿದರು. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ಇಬ್ಬರ ತಲೆಯ ಮೇಲೂ ಶಿರಸ್ತ್ರಾಣವಿರಲಿಲ್ಲ. ಹಿಂಬದಿಯ ಸವಾರನಿಗೂ ಅದು ಕಡ್ಡಾಯವೆಂಬ ನಿಯಮ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು ಮುಂದೆ ಎರಡು ತಿಂಗಳಿಗೆ, 2016ರ ಜನವರಿಯಲ್ಲಿ. ತಲೆ ಉಳಿದದ್ದು ಕೇವಲ ಸುದೈವ.

ಬಂಧುಗಳಲ್ಲಿ ಕೆಲವರು ಬಿದಿರಿನ ದಬ್ಬೆ ಇಟ್ಟು ಎಲುಬು ಕಟ್ಟುವವರ ಹತ್ತಿರ ಒಯ್ಯಲು ಸೂಚಿಸಿದರು. ಮಾಸ್ತರರು ಒಪ್ಪಲಿಲ್ಲ. ಶಸ್ತ್ರಕ್ರಿಯೆ ನಡೆದು, ಎಲುಬಿನ ಪೊಳ್ಳಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಲೋಹದ ಸರಳನ್ನು ಕೂಡಿಸಿದರು. ಜರ್ಮನಿಯ ಶಸ್ತ್ರವೈದ್ಯ ಗೆರ್ಹಾರ್ಡ್ ಕುಂಟ್ಷರ್ 1940ರ ಸುಮಾರಿಗೆ ಬಳಕೆಗೆ ತಂದ ಕ್ರಮವಿದು. ಅದಕ್ಕೂ ಮೊದಲು ತೊಡೆ ಮುರಿದವರು ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಅಲುಗಾಡದೆ ಮಲಗಬೇಕಾಗಿತ್ತು.

ಮಗ ಮನೆಗೆ ಬಂದನು. ಅಂದಿನಿಂದ ಮಾಸ್ತರರ ಎರಡನೆಯ ಕೆಲಸ ಆರಂಭವಾಯಿತು. ಬೆಳಗ್ಗೆ ಶಾಲೆಗೆ ಹೋಗುವ ಮುನ್ನ ಮಗನ ಮುಖ ತೊಳೆಸುವುದು, ಎತ್ತಿ ಕೂರಿಸುವುದು, ಮಧ್ಯಾಹ್ನ ಓಡಿಬಂದು ಊಟ ಮಾಡಿಸುವುದು, ಸಂಜೆ ವ್ಯಾಯಾಮ ಮಾಡಿಸುವುದು. ಮೊಣಕಾಲಿನ ಕೆಳಗೆ ಸುತ್ತಿದ ಟವೆಲು ಇಟ್ಟು, ಅದನ್ನು ಒತ್ತಿ ಹಿಡಿದು ಹತ್ತು ಎಣಿಸಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಚಬೇಕು. ಬಿಗಿದುಹೋದ ಕೀಲು ಬೆರಳಗಲ ಬಾಗಬೇಕಾದರೂ ಹುಡುಗನ ಹಣೆಯಲ್ಲಿ ಬೆವರೊಡೆಯುತ್ತಿತ್ತು. ಅವನು ಹಲ್ಲು ಕಚ್ಚಿ ಸಹಿಸುತ್ತಿದ್ದನು. ಎಣಿಸುತ್ತಿದ್ದ ತಂದೆಯ ದನಿಯೇ ಏಳು ಎಂಟಕ್ಕೆ ಬರುವಾಗ ನಡುಗುತ್ತಿತ್ತು.

2016ರ ಮಾರ್ಚಿಯಲ್ಲಿ ಪರೀಕ್ಷೆಗಳು ಬಂದವು. ಹುಡುಗನು ಮೂರು ಗಂಟೆ ಕೂಡ್ರುವ ಸ್ಥಿತಿಯಲ್ಲಿರಲಿಲ್ಲ. ಆ ವರ್ಷ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಬಯಲಾಯಿತು. ಮರುಪರೀಕ್ಷೆಯ ಪತ್ರಿಕೆಯೂ ಬಯಲಾಗಿ, ಕೊನೆಗೆ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆ ನಡೆಯಿತು. ಗೆಳೆಯರು ಬಂದು ತಮ್ಮ ಗೋಳನ್ನು ಹೇಳಿಕೊಂಡಾಗ ಅವನು ಐದು ತಿಂಗಳಲ್ಲಿ ಮೊದಲ ಬಾರಿ ನಕ್ಕನು. ಅಡುಗೆಮನೆಯಲ್ಲಿದ್ದ ತಾಯಿ ಆ ನಗು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಗೆಳೆಯರು ಉತ್ತೀರ್ಣರಾಗಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರುಗಳಿಗೆ ಹೊರಟುಹೋದರು. ಇವನು ಊರುಗೋಲುಗಳೊಡನೆ ಮನೆಯ ಅಂಗಳದಲ್ಲಿ ಉಳಿದನು.

ಈ ಹಂತದಲ್ಲಿ ಮಾಸ್ತರರು ಒಂದು ತಪ್ಪು ಮಾಡಿದರು. ಕಾಲಿನ ಮೇಲೆ ಸ್ವಲ್ಪಸ್ವಲ್ಪವಾಗಿ ಭಾರ ಹಾಕಿ ನಡೆಸಬೇಕೆಂದು ವೈದ್ಯರು ಹೇಳಿದ್ದರು. ಆದರೆ ಮಗ ಏಳುವಷ್ಟರಲ್ಲಿ ತಂದೆ ಹೆಗಲು ಕೊಡುತ್ತಿದ್ದರು. ನೀರಿಗೆ ಕೈ ಚಾಚಿದರೆ ತಂಬಿಗೆ ಕೈಗೆ ಬರುತ್ತಿತ್ತು. ಮುಂದಿನ ಭೇಟಿಯಲ್ಲಿ ವೈದ್ಯರು ಚಿತ್ರಗಳನ್ನು ಬೆಳಕಿಗೆ ಹಿಡಿದು, ಎಲುಬು ನಿರೀಕ್ಷಿಸಿದಷ್ಟು ಕೂಡಿಲ್ಲವೆಂದರು. ಭಾರ ಹೊರುವ ಕಡೆಗೆ ಎಲುಬು ತನ್ನನ್ನು ಗಟ್ಟಿಮಾಡಿಕೊಳ್ಳುತ್ತದೆ, ಭಾರವಿಲ್ಲದಲ್ಲಿ ಸವೆಯುತ್ತದೆ ಎಂಬ ತತ್ತ್ವವನ್ನು ಜರ್ಮನಿಯ ಜೂಲಿಯಸ್ ವೋಲ್ಫ್ 1892ರಷ್ಟು ಹಿಂದೆಯೇ ಗ್ರಂಥರೂಪದಲ್ಲಿ ಪ್ರತಿಪಾದಿಸಿದ್ದರು. “ಮಾಸ್ತರ್ರ, ನೀವು ಹೊತ್ತ ಭಾರ ಅವನ ಎಲುಬು ಹೊರಬೇಕಾದ್ದು” ಎಂದು ವೈದ್ಯರು ಮೃದುವಾಗಿಯೇ ಹೇಳಿದರು. ಆ ಮಾತು ಮಾಸ್ತರರ ಎದೆಗೆ ನಾಟಿತು.

ಅವರು ಹಾಗೆ ನಡೆದುಕೊಂಡುದಕ್ಕೆ ಕಾರಣ ಮಮತೆಯೊಂದೇ ಆಗಿರಲಿಲ್ಲ. ಆ ರಾತ್ರಿ ಮಗ ಆಡಿದ ಮಾತು ಅವರೊಳಗೆ ಕೊರೆಯುತ್ತಿತ್ತು. ಮಗ ಅದನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ಆಡಿದ್ದರೆ ಅವರಿಗೆ ಹಗುರವಾಗುತ್ತಿತ್ತೇನೋ. ಸೇವೆಯ ರೂಪದಲ್ಲಿ ಅವರು ದಂಡ ತೆರುತ್ತಿದ್ದರು. ತೆತ್ತಷ್ಟೂ ಸಾಲ ತೀರಲಿಲ್ಲ. 2016ರ ನವೆಂಬರಿನಲ್ಲಿ ಮತ್ತೆ ಕಬ್ಬಿನ ಕಾಲ ಬಂದಾಗ ಅವರು ಏಳನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಊರ ಟ್ರ್ಯಾಕ್ಟರುಗಳ ಮನೆಮನೆಗೆ ಹೋದರು. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಗಳನ್ನು ತಮ್ಮ ಸಂಬಳದಿಂದ ತಂದು, ಪ್ರತಿಯೊಂದು ಟ್ರೇಲರಿನ ಹಿಂದೆ ಮಕ್ಕಳ ಕೈಯಿಂದ ಅಂಟಿಸಿದರು. ಮೊದಲು ನಕ್ಕ ರೈತರು ಮರುವರ್ಷ ತಾವೇ ಕೇಳಿ ಪಡೆದರು. ಅವರ ಪಶ್ಚಾತ್ತಾಪದಿಂದ ಊರಿಗೆ ಇಷ್ಟು ಒಳಿತಾಯಿತು.

ಇತ್ತ ಹುಡುಗನು ಎರಡು ಊರುಗೋಲುಗಳಿಂದ ಒಂದೇ ಕೋಲಿಗೆ ಬಂದಿದ್ದನು. ನೊಂದದ್ದು ಎಡಗಾಲಾದರೂ ಕೋಲು ಬಲಗೈಯಲ್ಲಿರಬೇಕೆಂದು ವ್ಯಾಯಾಮ ಕಲಿಸುವವರು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಅವರು ತಕ್ಕಡಿಯ ಉದಾಹರಣೆ ಕೊಟ್ಟು, ಎದುರು ಬದಿಯಲ್ಲಿ ದೂರದಿಂದ ಕೊಟ್ಟ ಅಲ್ಪ ಆಧಾರವು ಸೊಂಟದ ಕೀಲಿನ ಮೇಲಿನ ಬಹುಭಾರವನ್ನು ಇಳಿಸುವ ಬಗೆಯನ್ನು ವಿವರಿಸಿದರು. ಮೆಟ್ಟಿಲ ಸೂತ್ರವನ್ನೂ ಹೇಳಿಕೊಟ್ಟರು: ಏರುವಾಗ ಗಟ್ಟಿಗಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಪುಸ್ತಕದಲ್ಲಿ ಓದಿ ಮರೆತಿದ್ದ ಸನ್ನೆಗೋಲಿನ ನಿಯಮ ಹುಡುಗನಿಗೆ ಸ್ವಂತ ದೇಹದಲ್ಲಿ ಅರ್ಥವಾಯಿತು. ಆತನು ಅಂದೇ ಭೌತಶಾಸ್ತ್ರವನ್ನು ತನ್ನ ವಿಷಯವನ್ನಾಗಿ ಆರಿಸಿಕೊಂಡನು. 2017ರ ಮಾರ್ಚಿಯಲ್ಲಿ ಪರೀಕ್ಷೆ ಬರೆದು ಒಳ್ಳೆಯ ಅಂಕಗಳಿಂದ ಉತ್ತೀರ್ಣನಾದನು. ಧಾರವಾಡಕ್ಕೆ ಹೋಗಿ ಓದುವೆನೆಂದನು.

ಮಾಸ್ತರರು ಮುಧೋಳದಲ್ಲಿಯೇ ಕಾಲೇಜು ಇರುವಾಗ ದೂರ ಹೋಗುವ ಅಗತ್ಯವೇನೆಂದು ವಾದಿಸಿದರು. ಬಸ್ಸು ಹತ್ತುವುದು, ಇಳಿಯುವುದು, ಮಳೆಗಾಲದಲ್ಲಿ ಧಾರವಾಡದ ಜಾರುವ ನೆಲ ಎಂದು ಒಂದೊಂದೇ ಕಾರಣ ಮುಂದಿಟ್ಟರು. ಮಗ ತಲೆ ತಗ್ಗಿಸಿ ಸುಮ್ಮನೆ ಕುಳಿತನು. ಆಗ ತಾಯಿ ಒಲೆಯ ಮುಂದಿನಿಂದ ಎದ್ದು ಬಂದರು. ಶಾಲೆ ಕಲಿತವರಲ್ಲ, ಹೆಚ್ಚು ಮಾತನಾಡುವವರೂ ಅಲ್ಲ.

“ಕಾಲು ಕೂಡಿದ್ದು ಮನ್ಯಾಗ ಕುಂದ್ರಾಕೇನ್ರಿ? ನಡ್ಯಾಕ ಕೂಡೇತಿ. ನಡೀಲಿ ಬಿಡ್ರಿ” ಎಂದರು.

ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠ ಹೇಳಿದ ಮಾಸ್ತರರಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಜೂನ್ ತಿಂಗಳಲ್ಲಿ ತಂದೆ ಮಗ ಇಬ್ಬರೂ ಹೊರಟರು. ಟ್ರಂಕು, ಹಾಸಿಗೆಯ ಸುರುಳಿ, ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಇವುಗಳ ನಡುವೆ ಮಗನಿಗೆ ಕಾಣದಂತೆ ಮಾಸ್ತರರು ಆ ಕೋಲನ್ನೂ ಸೇರಿಸಿದ್ದರು. ಬಸ್ಸು ಲೋಕಾಪುರ, ಯರಗಟ್ಟಿ, ಸವದತ್ತಿಗಳನ್ನು ದಾಟಿ ಸಾಗಿತು. ಮಗ ಕಿಟಕಿಯ ಹೊರಗೆ ನೋಡುತ್ತಿದ್ದನು. ತಂದೆ ಮಗನ ಮೊಣಕಾಲನ್ನು ನೋಡುತ್ತಿದ್ದರು.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವ ಮೊದಲು ಈ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಅಂದು ಮಗನನ್ನು ರೈಲು ಹತ್ತಿಸಿದ ತಂದೆಗೆ ಮುಂದಿನ ಸುದ್ದಿ ಟಪಾಲಿನಲ್ಲಿಯೇ ಬರಬೇಕು. ಮುಖ ಕಾಣುವುದು ರಜೆಯಲ್ಲಿ. ದಕ್ಷಿಣ ಮರಾಠಾ ರೈಲ್ವೆಯ ಕಚೇರಿಯಾಗಿದ್ದ ಕಟ್ಟಡದಲ್ಲಿ ನೆಲೆಗೊಂಡ ಆ ಕಾಲೇಜಿಗೆ 2017ರಲ್ಲಿ ನೂರು ವರ್ಷ ತುಂಬಿತ್ತು. ಅದೇ ವರ್ಷ ಹುಡುಗನು ಧಾರವಾಡಕ್ಕೆ ಬಂದನು. ಆ ಕಲ್ಲಿನ ಕಟ್ಟಡದ ಮುಂದೆ ನಿಂತಾಗ ಮಾಸ್ತರರಿಗೆ, ನೂರು ವರ್ಷಗಳಲ್ಲಿ ಅದೆಷ್ಟು ತಂದೆಯಂದಿರು ಇದೇ ಮರಗಳ ನೆರಳಿನಲ್ಲಿ ನಿಂತು ಬರಿಗೈಯಲ್ಲಿ ಹಿಂದಿರುಗಿರಬಹುದೆಂಬ ವಿಚಾರ ಬಂದಿತು. ತಾವೊಬ್ಬರೇ ಅಲ್ಲವೆಂಬ ಅರಿವು ಅವರಿಗೆ ಸ್ವಲ್ಪ ಧೈರ್ಯ ಕೊಟ್ಟಿತು.

ವಸತಿಗೆ ಮಠವೊಂದರ ಪ್ರಸಾದ ನಿಲಯದಲ್ಲಿ ಸ್ಥಳ ದೊರೆತಿತ್ತು. ಕೋಣೆ ಎರಡನೆಯ ಅಂತಸ್ತಿನಲ್ಲಿ. ಮಾಸ್ತರರು ಮೇಲ್ವಿಚಾರಕರ ಹತ್ತಿರ ಹೋಗಿ, ಹುಡುಗನಿಗೆ ಅಪಘಾತವಾಗಿದೆ, ಕೆಳಗಿನ ಕೋಣೆ ಕೊಡಬೇಕೆಂದು ಬಿನ್ನವಿಸಿಕೊಂಡರು. ಮೇಲ್ವಿಚಾರಕರು ಒಪ್ಪಿದರು. ಆದರೆ ಅವರು ತಿರುಗಿ ನೋಡುವಷ್ಟರಲ್ಲಿ ಮಗ ಟ್ರಂಕನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದನು. ಗಟ್ಟಿಗಾಲು ಮೊದಲು, ನೊಂದ ಕಾಲು ಆಮೇಲೆ ಎಂಬ ಸೂತ್ರವಿಲ್ಲ. ಒಂದಾದ ಮೇಲೊಂದು, ಎಲ್ಲರೂ ಹತ್ತುವಂತೆ. ಮಾಸ್ತರರ ತುಟಿಗಳು ತಾವಾಗಿಯೇ ಎಣಿಸತೊಡಗಿದವು. ಹತ್ತಕ್ಕೆ ಬಂದರೂ ಮಗ ನಿಲ್ಲಲಿಲ್ಲ.

ಹಾಸಿಗೆಯ ಸುರುಳಿ ಬಿಚ್ಚಿದಾಗ ಕೋಲು ಹೊರಗೆ ಬಿದ್ದಿತು. ಮಗ ಅದನ್ನು ಎತ್ತಿ ತಂದೆಯ ಕೈಗೆ ಕೊಟ್ಟು, “ಊರಾಗ ಯಾರಿಗರ ಬೇಕಾಗ್ತೈತಿ, ಒಯ್ರಿ ಅಪ್ಪಾ” ಎಂದನು.

ಮಾಸ್ತರರು ಕೋಲು ಹಿಡಿದು ಬಹಳ ಹೊತ್ತು ನಿಂತರು. ಒಂದೂವರೆ ವರ್ಷ ನಾಲಗೆಯ ತುದಿಗೆ ಬಂದು ಮರಳಿಹೋಗುತ್ತಿದ್ದ ಮಾತು ಕೊನೆಗೆ ಹೊರಬಿದ್ದಿತು. “ತಮ್ಮಾ, ಅವತ್ತ ರಾತ್ರಿ ನಿನ್ನ ಮಾತು ಕೇಳಬೇಕಾಗಿತ್ತು ನಾ.”

ಮಗ ಹಾಸಿಗೆ ಹಾಸುವುದನ್ನು ನಿಲ್ಲಿಸಿದನು. ಅವನೂ ಈ ಮಾತಿಗಾಗಿ ಕಾದಿದ್ದನೆಂಬುದು ಆ ಮೌನದಲ್ಲಿ ತಿಳಿಯಿತು. ಸಮಾಧಾನದ ದೊಡ್ಡ ಮಾತುಗಳನ್ನು ಅವನು ಆಡಲಿಲ್ಲ. “ಹಂಗಾರ ಈಗ ಕೇಳ್ರಿ. ಹೊತ್ತು ಮುಳುಗೂದ್ರಾಗ ಊರು ಮುಟ್ಟಬೇಕಂದ್ರ ಈಗ ಹೊಂಡ್ರಿ” ಎಂದನು.

ಎರಡು ದಿನ ಉಳಿದು ಎಲ್ಲ ವ್ಯವಸ್ಥೆ ಮಾಡಿ ಹೋಗಬೇಕೆಂದು ಬಂದಿದ್ದ ಮಾಸ್ತರರು, ಈ ಸಲ ಮಗನ ಮಾತು ಕೇಳಿದರು. ಮೆಟ್ಟಿಲಿಳಿಯುವಾಗ ತಮ್ಮ ಎಡಗಾಲೇ ಪ್ರತಿ ಸಲವೂ ಮೊದಲು ಇಳಿಯುತ್ತಿರುವುದು ಅವರ ಗಮನಕ್ಕೆ ಬಂದಿತು. ಅಷ್ಟು ತಿಂಗಳು ಮಗನ ಪಕ್ಕದಲ್ಲಿ ನಡೆದು ಅವರಿಗೂ ಅದೇ ರೂಢಿಯಾಗಿತ್ತು. ನಡುವೆ ಒಮ್ಮೆ ನಿಂತು, ಹೆಜ್ಜೆ ಸರಿಪಡಿಸಿಕೊಂಡು, ಇಳಿದು ಹೋದರು.

ಮರುದಿನ ಒಂದನೆಯ ಇಯತ್ತೆಯಲ್ಲಿ ಹೊಸ ಮಕ್ಕಳು ಪಾಟಿ ಹಿಡಿದು ಕುಳಿತಿದ್ದರು. ಮಾಸ್ತರರು ಒಂದು ಮಗುವಿನ ಹಿಂದೆ ಬಾಗಿ, ಕೈ ಹಿಡಿದು ಮೂರು ಸಲ ತಿದ್ದಿಸಿದರು. ನಾಲ್ಕನೆಯ ಸಲ ಮೆಲ್ಲಗೆ ಕೈ ಬಿಟ್ಟರು. ಮಗು ಅಂಜಿ ಹಿಂದಿರುಗಿ ನೋಡಿತು. ಮಾಸ್ತರರು ಅಲ್ಲಿಯೇ ನಿಂತಿದ್ದರು; ದೂರ ಹೋಗಿರಲಿಲ್ಲ. ಅದನ್ನು ಕಂಡು ಮಗು ಮತ್ತೆ ಪಾಟಿಯ ಕಡೆಗೆ ತಿರುಗಿ ಬರೆಯತೊಡಗಿತು. ಕೈ ಬಿಡುವುದೆಂದರೆ ತೊರೆಯುವುದಲ್ಲ. ಮಗು ತಿರುಗಿ ನೋಡಿದಾಗ ಕಾಣುವಷ್ಟು ಸಮೀಪದಲ್ಲಿದ್ದು, ಬರೆಯುವ ಕೆಲಸವನ್ನು ಅದಕ್ಕೇ ಬಿಟ್ಟುಕೊಡುವುದು. ತಂದೆತಾಯಿಗಳಿಗೂ ಗುರುಗಳಿಗೂ, ಮಕ್ಕಳನ್ನು ಪೊರೆದು ಕಳುಹಿಸುವ ಎಲ್ಲ ವಿದ್ಯಾಸಂಸ್ಥೆಗಳಿಗೂ ಇದಕ್ಕಿಂತ ಕಠಿಣವಾದ ಸೇವೆಯಿಲ್ಲ. ಇದಕ್ಕಿಂತ ಸಾರ್ಥಕವಾದ ಸೇವೆಯೂ ಇಲ್ಲ.