ಅಫಜಲಖಾನನ ಎರಡು ಗೋರಿ

ನಮ್ಮ ಮಾಡಗ್ಯಾಳಕ್ಕೆ ಜಿಲ್ಲೆ ಸಾಂಗ್ಲಿ. ಆದರೆ ದವಾಖಾನೆಗೆ, ಬೀಗತನಕ್ಕೆ ವಿಜಯಪುರವೇ ಹತ್ತಿರ. ಅಲ್ಲಿಗೆ ಹೋದವರು ಗೋಳಗುಮ್ಮಟ ಕಂಡು ತಿರುಗುತ್ತಾರೆ. ಊರ ಪಡುವಣಕ್ಕಿರುವ ಅಫಜಲಪುರ ಟಕ್ಕೆಗೆ ಯಾರೂ ಕಾಲಿಡುವುದಿಲ್ಲ. ನನ್ನನ್ನು ಅಲ್ಲಿಗೆ ಎಳೆದದ್ದು ನಾಲ್ಕನೇ ಇಯತ್ತೆಯ ಪುಸ್ತಕ. ಶಾಲೆ ಕನ್ನಡದ್ದು, ಪಾಠ ಮಹಾರಾಷ್ಟ್ರದ್ದು. ಅಫಜಲಖಾನ ವಿಜಾಪುರದಿಂದ ದಂಡು ಕಟ್ಟಿಕೊಂಡು ಹೊರಟ, 1659ರ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಶಿವಾಜಿ ಮಹಾರಾಜರ ಕೈಯಲ್ಲಿ ಸತ್ತ. ಮಹಾರಾಜರ ಹುಲಿಯುಗುರಿನ ಆಯುಧ ವಾಘನಖದ ಚಿತ್ರ ಬರೆಯದ ಹುಡುಗ ನಮ್ಮ ವರ್ಗದಲ್ಲಿರಲಿಲ್ಲ.

ಬದುಕಿರುವಾಗಲೇ ತನ್ನ ಗೋರಿ ಕಟ್ಟಿಸುವುದು ವಿಜಾಪುರದ ದೊಡ್ಡವರ ರೂಢಿ. ಆದಿಲಶಾಹಿ ಸುಲ್ತಾನ ಮಹಮ್ಮದ ಗೋಳಗುಮ್ಮಟ ಎಬ್ಬಿಸಿದ, ಅವನ ಮಗನ ಬಾರಾಕಮಾನು ಅರ್ಧಕ್ಕೇ ನಿಂತಿತು. ಟಕ್ಕೆಯಲ್ಲಿ ಖಾನನದೂ ಅದೇ ಕಥೆ. ಪಕ್ಕದಲ್ಲಿ ಎರಡಂತಸ್ತಿನ ಮಸೀದಿ, ಗೋರಿ ಮಾತ್ರ ಅಪೂರ್ಣ. ಅವನ ದೇಹ ಇಲ್ಲಿಗೆ ಬರಲೇ ಇಲ್ಲ, ಪ್ರತಾಪಗಡದ ಕೆಳಗೇ ಮಣ್ಣಾಯಿತು. ಕಟ್ಟಿಸಿದ ಗೋರಿ ಕರ್ನಾಟಕದಲ್ಲಿ, ಮಲಗಿದ್ದು ಮಹಾರಾಷ್ಟ್ರದಲ್ಲಿ, ನಡುವೆ ನಾವು.

ಅಲ್ಲಿಂದ ಹೊಲದ ದಾರಿ ಹಿಡಿದರೆ ಸಾಠ್ ಕಬರ್. ಕರಿಕಲ್ಲಿನ ಕಟ್ಟೆಯ ಮೇಲೆ ಸಾಲುಸಾಲು ಗೋರಿ. ಗಂಡಸಿನದಾದರೆ ನೆತ್ತಿಗೆ ಏಣು ಇರುತ್ತದೆ. ಇಲ್ಲಿ ಕೈಯಾಡಿಸಿದರೆ ಎಲ್ಲವೂ ಚಪ್ಪಟೆ, ಎಲ್ಲವೂ ಹೆಂಗಸರವು. ಬಿಸಿಲಿಗೆ ಕಾದ ಕಲ್ಲು, ಸಂದಿನಲ್ಲಿ ಒಣಹುಲ್ಲು. ತಿರುಗಿ ಬರಲಾರೆ ಎಂದು ಜೋಯಿಸರಿಂದ ಕೇಳಿದ ಖಾನ ತನ್ನ ಅರವತ್ಮೂರು ಹೆಂಡಿರನ್ನು ಕೊಲ್ಲಿಸಿ ದಂಡಿಗೆ ಹೋದನೆಂದು ಜನ ಹೇಳುತ್ತಾರೆ. ಸೋತ ಸರದಾರನ ಮೇಲೆ ಯಾವ ಕಥೆಯನ್ನಾದರೂ ಹೊರಿಸಬಹುದು ಎಂದುಕೊಂಡೇ ಹೋಗಿದ್ದೆ. ಆದರೆ ಒಂದೇ ಕಲ್ಲು, ಒಂದೇ ಅಳತೆ, ಒಂದೇ ಅಂತರ. ವರ್ಷಕ್ಕೊಬ್ಬರಂತೆ ಸತ್ತವರ ಗೋರಿಗಳು ಹೀಗಿರುವುದಿಲ್ಲ. ಪಾಠದಲ್ಲಿ ಇವರ ಸುದ್ದಿಯೇ ಇರಲಿಲ್ಲ.

ಕುರಿ ಮೇಯಿಸುತ್ತಿದ್ದ ಮುದುಕ ಹತ್ತಿರ ಬಂದ. ಊರು ಹೇಳಿದೆ.

“ಮಾಡಗ್ಯಾಳ ಅಂದ್ರ ಗಿಣಿಮೂಗಿನ ಕುರಿ ಊರಲ್ರೀ?” ಎಂದ. ನಮ್ಮೂರ ಕೀರ್ತಿ ಕುರಿಗಳದೇ, ಮನುಷ್ಯರದಲ್ಲ. ಆಮೇಲೆ ತೆರೆದೇ ಇದ್ದ ಒಂದು ಗೋರಿ ತೋರಿಸಿದ. “ಇದು ಖಾಲಿ ಐತ್ರಿ. ಒಬ್ಬಾಕಿ ತಪ್ಪಿಸ್ಕೊಂಡು ಓಡಿ ಹ್ವಾದ್ಳಂತ.”

“ಯಾವ ಕಡಿಗಿ ಹ್ವಾದ್ಳು ಅಜ್ಜಾ?”

“ಯಾರಿಗ್ಗೊತ್ರೀ? ಹ್ವಾದ್ಳು ನೋಡ್ರಿ, ಅಷ್ಟ ಸಾಕು.”

ಪಡುವಣಕ್ಕೆ ಓಡಿದ್ದರೆ ನಮ್ಮ ಸೀಮೆಗೇ ಬಂದಿರಬೇಕು. ಆದರೆ ಆಗ ಅದೂ ಆದಿಲಶಾಹಿಯದೇ ನೆಲ, ದಾಟಿ ಪಾರಾಗಲು ನಡುವೆ ಗಡಿಯಿರಲಿಲ್ಲ.