ಕೊಂಡ ಕುದುರೆ, ಲಾಯದಲ್ಲಿ ಹುಟ್ಟಿದ ಕುದುರೆ

ಕುದುರೆ ಬೇಕಾದವನ ಮುಂದೆ ಎರಡೇ ದಾರಿಗಳಿವೆ: ಹಣವಿತ್ತು ಕೊಳ್ಳುವುದು, ಇಲ್ಲವೆ ತನ್ನ ಲಾಯದಲ್ಲಿಯೇ ಮರಿ ಹುಟ್ಟಿಸಿ ಬೆಳೆಸುವುದು. ಗೃಹಸ್ಥನಿಗೆ ಇದು ಕೈಗಂಟಿನ ಲೆಕ್ಕ. ರಾಜ್ಯವಾಳುವವನಿಗೆ ಅಳಿವು ಉಳಿವಿನ ಪ್ರಶ್ನೆ. ದಕ್ಷಿಣದ ಅರಸರು ಶತಮಾನಗಳ ಕಾಲ ಈ ಪ್ರಶ್ನೆಯನ್ನು ಎದುರಿಸಿದರು.

ಕನ್ನಡ ನಾಡಿನಲ್ಲಿ ಅಶ್ವವಿದ್ಯೆಗೆ ಕೊರತೆಯಿರಲಿಲ್ಲ. 12ನೆಯ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಳಿಯೆಂಬ ಅಶ್ವಕ್ರೀಡೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಲಾಯದ ಅಧಿಕಾರಿಗೆ ‘ಸಾಹಣಿ’ ಎಂಬ ಗೌರವದ ಹೆಸರೇ ಇದ್ದಿತು. ಆದರೂ ಸಮರಕ್ಕೆ ತಕ್ಕ ಉತ್ತಮ ಕುದುರೆಗಳು ಅರಬ್ ಮತ್ತು ಪಾರಸೀಕ ದೇಶಗಳಿಂದ ಹಡಗುಗಳಲ್ಲಿ ಬಂದು ಪಶ್ಚಿಮ ತೀರದ ರೇವುಗಳಲ್ಲಿ ಇಳಿಯಬೇಕಾಗಿತ್ತು. ಹಂಪಿಯ ಹಜಾರರಾಮ ದೇಗುಲದ ಹೊರಗೋಡೆಯಲ್ಲಿ ಕುದುರೆಗಳ ಮೆರವಣಿಗೆ ಇಂದಿಗೂ ಕಾಣುತ್ತದೆ.

ಕೊಳ್ಳುವವನ ಕಷ್ಟವನ್ನು ಮೊದಲು ಸ್ಪಷ್ಟವಾಗಿ ಬರೆದವರಲ್ಲಿ ಮಾರ್ಕೊ ಪೋಲೊ ಒಬ್ಬನು. 13ನೆಯ ಶತಮಾನದ ಕೊನೆಯಲ್ಲಿ ಅವನು ಪಾಂಡ್ಯ ನಾಡನ್ನು ಕುರಿತು ಹೇಳುವಂತೆ, ಅಲ್ಲಿನ ಅರಸನು ವರ್ಷಕ್ಕೆ 2,000ಕ್ಕೂ ಮಿಕ್ಕ ಕುದುರೆಗಳನ್ನು ಕೊಳ್ಳುತ್ತಿದ್ದನು. ವರ್ಷ ತುಂಬುವುದರೊಳಗೆ ಬಹುಪಾಲು ಸತ್ತುಹೋಗುತ್ತಿದ್ದವು. ಉಪಚರಿಸಬಲ್ಲವರು ಅಲ್ಲಿರಲಿಲ್ಲ, ಅಂಥವರು ಅಲ್ಲಿಗೆ ಹೋಗದಂತೆ ವರ್ತಕರೂ ನೋಡಿಕೊಳ್ಳುತ್ತಿದ್ದರಂತೆ. ಕುದುರೆ ಸತ್ತಷ್ಟೂ ವ್ಯಾಪಾರ ಬೆಳೆಯುವುದಲ್ಲವೆ?

ವಿಜಯನಗರದ ಅರಸರೂ ಈ ವ್ಯಾಪಾರವನ್ನು ಬಿಡಲಾರದೆ ಹೋದರು. ಪೋರ್ಚುಗೀಸ್ ವರ್ತಕ ನೂನಿಜನು ಬರೆದಿರುವಂತೆ, ಸಾಳುವ ನರಸಿಂಹನು ಕಡಲಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನು. ಹುಚ್ಚು ಔದಾರ್ಯದಂತೆ ತೋರುವ ಈ ನಡತೆಯಲ್ಲಿ ರಾಜನೀತಿಯಿದೆ. ನಷ್ಟದ ಭಯವಿಲ್ಲದ ವರ್ತಕನು ಮತ್ತೊಮ್ಮೆ ಅದೇ ಬಾಗಿಲಿಗೆ ಬರುವನು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ನೂನಿಜನೇ ಹೇಳುತ್ತಾನೆ. ಆ ಎಣಿಕೆಯಲ್ಲಿ ನಾಡಕುದುರೆಗಳೂ ಸೇರಿದ್ದವು.

1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದ ಮೇಲೆ ರೇವನ್ನು ಹಿಡಿದವನೇ ಕುದುರೆಯ ಒಡೆಯನಾದನು. 1547ರ ಒಪ್ಪಂದದಲ್ಲಿ ಗೋವೆಗೆ ಬರುವ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕು, ಬಿಜಾಪುರಕ್ಕೆ ಹೋಗಕೂಡದು ಎಂಬ ಮಾತಾಯಿತು. ಅರಸನಿಗೆ ಅದು ಗೆಲುವಾಗಿ ಕಂಡಿರಬೇಕು. ಆದರೆ ಇಂದು ಒಬ್ಬನಿಗೆ ಮಾರೆನೆನ್ನುವ ವರ್ತಕನು ನಾಳೆ ಇನ್ನೊಬ್ಬನಿಗೂ ಹಾಗೆಯೇ ಹೇಳಬಲ್ಲನು.

ಹಾಗಾದರೆ ಲಾಯದಲ್ಲಿಯೇ ಏಕೆ ಬೆಳೆಸಬಾರದಾಗಿತ್ತು? ಕುದುರೆ ಗರ್ಭ ಧರಿಸುವುದು ಸುಮಾರು 11 ತಿಂಗಳು. ಮರಿ ಬೆಳೆದು ಯುದ್ಧದ ಭಾರ ಹೊರಲು ಮತ್ತೆ ನಾಲ್ಕು ವರ್ಷಗಳಾದರೂ ಬೇಕು. ಹಗೆ ಗಡಿಯಲ್ಲಿ ನಿಂತಿರುವಾಗ ಐದು ವರ್ಷ ಕಾಯುವವರು ಯಾರು? ಹುಲ್ಲುಗಾವಲು, ಒಳ್ಳೆಯ ತಳಿ, ಹವೆ ಇವು ಮೂರೂ ಒದಗಬೇಕು.

ಈಸ್ಟ್ ಇಂಡಿಯಾ ಕಂಪನಿಯೂ ಬೆಳೆಸುವ ದಾರಿಯನ್ನು ಹಿಡಿದು ನೋಡಿತು. ಬಿಹಾರದ ಪೂಸಾದಲ್ಲಿದ್ದ ಅದರ ಅಶ್ವಶಾಲೆಗೆ 1808ರಲ್ಲಿ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಮೇಲ್ವಿಚಾರಕನಾಗಿ ಬಂದನು. ತಳಿ ಸುಧಾರಣೆಗೆ ಉತ್ತಮ ಕುದುರೆಗಳನ್ನು ಹುಡುಕುತ್ತ ಬುಖಾರದವರೆಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ 1825ರಲ್ಲಿ ಸತ್ತನು. 1870ರ ದಶಕದಲ್ಲಿ ಸರಕಾರವು ಆ ಅಶ್ವಶಾಲೆಗಳನ್ನು ಮುಚ್ಚಿತು. ಸೈನ್ಯಕ್ಕೆ ಆಸ್ಟ್ರೇಲಿಯದ ‘ವೇಲರ್’ ಕುದುರೆಗಳು ಹೆಚ್ಚು ಹೆಚ್ಚಾಗಿ ಬಂದವು. ಕನ್ನಡ ನಾಡಿನಲ್ಲಿ ಮಾತ್ರ, ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಲಾಗುವ ಕುಣಿಗಲ್ಲಿನ ಅಶ್ವಶಾಲೆಯು ಸೈನ್ಯದ ಕಾಲ ಮುಗಿದ ಮೇಲೂ ಉಳಿದು, ಪಂದ್ಯದ ಕುದುರೆಗಳಿಗೆ ಹೆಸರಾಯಿತು.

ಕೊಳ್ಳುವವನು ಕುದುರೆಯೊಡನೆ ಮಾರುವವನ ಮರ್ಜಿಯನ್ನೂ ಕೊಳ್ಳುತ್ತಾನೆ. ಬೆಳೆಸುವವನು ತನ್ನ ಹೊಲ, ಹಣಗಳೊಡನೆ ಆಯುಷ್ಯದ ಐದು ವರ್ಷಗಳನ್ನೂ ಒತ್ತೆಯಿಡುತ್ತಾನೆ. ಅವಸರವಿದ್ದವನು ಕೊಳ್ಳಲೇಬೇಕು, ಅವಸರವಿಲ್ಲದ ದಿನಗಳಲ್ಲಿಯೇ ಬೆಳೆಸಲು ತೊಡಗಬೇಕು. ಎರಡರಲ್ಲಿ ಯಾವುದನ್ನು ಆರಿಸಿದರೂ ಗೊರಸಿನ ನೋವನ್ನು ಅರಿತು ಉಪಚರಿಸಬಲ್ಲ ಸಾಹಣಿಯನ್ನು ಮೊದಲು ಸಿದ್ಧಪಡಿಸಬೇಕು. ಅವನಿಲ್ಲದ ಲಾಯದಲ್ಲಿ ಕೊಂಡ ಕುದುರೆಯೂ ಬಾಳದು, ಹುಟ್ಟಿದ ಮರಿಯೂ ಬಾಳದು.