ಒಂದೇ ಇಟ್ಟುಕೊ ಅಂದರೆ ಇದನ್ನೇ

ಎರಡು ಪಿಟೀಲು, ಒಂದು ವಿಯೋಲಾ, ಎರಡು ಚೆಲ್ಲೊ. ಒಟ್ಟು ಐದು ಜನ, ಸುಮಾರು ಐವತ್ತು ನಿಮಿಷ. ಹಾಡುವವರಿಲ್ಲ, ಡ್ರಮ್ ಇಲ್ಲ, ಮುಂದೆ ನಿಂತು ಕಡ್ಡಿ ಆಡಿಸುವವರೂ ಇಲ್ಲ. ಇನ್ನು ಜೀವಮಾನಕ್ಕೆಲ್ಲ ಒಂದೇ ಒಂದು ಸಂಗೀತ ಇಟ್ಟುಕೊ, ಉಳಿದದ್ದೆಲ್ಲ ಅಳಿಸಿಹಾಕು ಅಂತ ಯಾರಾದರೂ ಹೇಳಿದರೆ ನಾನು ಇಟ್ಟುಕೊಳ್ಳುವುದು ಇದನ್ನು: ಫ್ರಾಂಜ್ ಶೂಬರ್ಟ್ 1828ರಲ್ಲಿ ಬರೆದ ಸಿ ಮೇಜರ್ ಸ್ಟ್ರಿಂಗ್ ಕ್ವಿಂಟೆಟ್.

ವಿಯೋಲಾ ಅಂದರೆ ಪಿಟೀಲಿನ ಅಕ್ಕ ಅಂದುಕೊಳ್ಳಿ, ಸ್ವಲ್ಪ ದೊಡ್ಡದು, ದನಿ ಸ್ವಲ್ಪ ದಪ್ಪ. ಚೆಲ್ಲೊ ಇನ್ನೂ ದೊಡ್ಡದು. ಕುರ್ಚಿಯಲ್ಲಿ ಕೂತು ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಗಂಡಸೊಬ್ಬ ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ ಅದರ ದನಿ. ಇಂಥ ಕೆಲವೇ ವಾದ್ಯಗಳು ಸೇರಿ ನುಡಿಸುವುದಕ್ಕೆ ಚೇಂಬರ್ ಮ್ಯೂಸಿಕ್ ಅನ್ನುತ್ತಾರೆ. ಚೇಂಬರ್ ಅಂದರೆ ಕೋಣೆ. ಮನೆಯೊಳಗೆ ನುಡಿಸುವ ಸಂಗೀತ.

ಶೂಬರ್ಟ್‌ನ ಮನೆಯಲ್ಲೂ ಅದೇ ನಡೆಯುತ್ತಿತ್ತು. ವಿಯೆನ್ನಾದಲ್ಲಿ ಅವರಪ್ಪ ಶಾಲೆ ಮೇಷ್ಟ್ರು. ಅಪ್ಪ ಚೆಲ್ಲೊ, ಅಣ್ಣಂದಿರಾದ ಇಗ್ನಾಜ್ ಮತ್ತು ಫರ್ಡಿನಾಂಡ್ ಪಿಟೀಲು, ಹುಡುಗ ಫ್ರಾಂಜ್ ವಿಯೋಲಾ. ನಮ್ಮ ರಾಮಮಂದಿರದ ಶನಿವಾರದ ಭಜನೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಶುರು ಮಾಡುತ್ತಾರೆ, ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ, ಮುಗಿದ ಮೇಲೆ ಯಾರು ತಪ್ಪಿದ್ದು ಅಂತ ಜಗಳ ಆಡುತ್ತಾರೆ.

ಇದೇ ಯಾಕೆ ಅಂತ ಹೇಳುವ ಮುಂಚೆ, ಕೈಬಿಡಲು ತುಂಬಾ ಕಷ್ಟವಾದ ಎರಡನ್ನು ಹೇಳಿಬಿಡುತ್ತೇನೆ. ಒಂದು ಬೀಥೋವನ್ 1825ರಲ್ಲಿ ಬರೆದ ಓಪಸ್ 132. ಆ ವರ್ಷ ಅವನು ಹಾಸಿಗೆ ಹಿಡಿದು ಎದ್ದಿದ್ದ. ಅದರ ನಡುವಿನ ನಿಧಾನಗತಿಯ ಭಾಗಕ್ಕೆ, ಕಾಯಿಲೆಯಿಂದ ಎದ್ದವನು ದೇವರಿಗೆ ಹೇಳುವ ಕೃತಜ್ಞತೆಯ ಹಾಡು ಇದು ಅಂತ ಅವನೇ ಹೆಸರಿಟ್ಟ. ಲಿಡಿಯನ್ ಅನ್ನುವ ಹಳೇ ಸ್ವರಸಾಲಿನಲ್ಲಿ ಬರೆದಿದ್ದಾನೆ. ಆ ಸಾಲಿನ ಸ್ವರಗಳನ್ನು ಎಣಿಸಿ ನೋಡಿದರೆ ನಮ್ಮ ಕಲ್ಯಾಣಿಯ ಸ್ವರಗಳೇ, ಪ್ರತಿಮಧ್ಯಮವೂ ಸೇರಿ. ಹಾಗಂತ ಅದು ಕಲ್ಯಾಣಿ ರಾಗ ಅಲ್ಲ. ಗಮಕ ಇಲ್ಲ, ನಡೆ ಬೇರೆ.

ಇನ್ನೊಂದು ಒಲಿವಿಯೆ ಮೆಸಿಯಾನ್ ಬರೆದದ್ದು. ಫ್ರೆಂಚ್ ಸೈನಿಕನಾಗಿ ಜರ್ಮನ್ನರ ಕೈಗೆ ಸಿಕ್ಕಿ, ಗೋರ್ಲಿಟ್ಸ್ ಊರಿನ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಅವನು 'ಕಾಲದ ಕೊನೆಗಾಗಿ' ಅಂತ ಒಂದು ಕ್ವಾರ್ಟೆಟ್ ಬರೆದ. ಮೂವರು ಸಹಕೈದಿಗಳ ಜತೆ ತಾನೇ ಪಿಯಾನೊ ನುಡಿಸಿ, 1941ರ ಜನವರಿ 15ರ ಚಳಿಯಲ್ಲಿ ಕೈದಿಗಳೆದುರು ಮೊದಲ ಸಲ ಕೇಳಿಸಿದ. ಅದರ ಮೊದಲ ಭಾಗದ ಲಯಗಳನ್ನು ಅವನು ತೆಗೆದುಕೊಂಡದ್ದು ನಮ್ಮ ಶಾರ್ಙ್ಗದೇವನ ಸಂಗೀತರತ್ನಾಕರ ಹೇಳುವ ದೇಶೀ ತಾಳಗಳಿಂದ. ದೇವಗಿರಿಯಲ್ಲಿ 13ನೇ ಶತಮಾನದಲ್ಲಿ ಬರೆದಿಟ್ಟ ತಾಳ ಜರ್ಮನ್ ಸೆರೆಯಲ್ಲಿ ನುಡಿಯಿತು ಅಂದರೆ ಮೈ ಝುಂ ಅನ್ನುತ್ತದೆ. ಆದರೂ ಅದನ್ನು ದಿನಾ ಕೇಳುವುದಕ್ಕೆ ಆಗುವುದಿಲ್ಲ. ಜೀವಮಾನಕ್ಕೆ ಒಂದೇ ಅಂದಾಗ ಸೋಮವಾರ ಬೆಳಗ್ಗೆ ಪಾತ್ರೆ ತೊಳೆಯುವಾಗಲೂ ಕೇಳುವಂಥದ್ದು ಬೇಕಲ್ಲವಾ?

ಶೂಬರ್ಟ್ ಇದನ್ನು ಬರೆಯುವಾಗ ಅವನಿಗೆ 31 ವರ್ಷ. ಕಾಯಿಲೆ ಹಳೆಯದು, ಮದುವೆ ಇಲ್ಲ, ಸ್ವಂತ ಮನೆ ಇಲ್ಲ. ಸೆಪ್ಟೆಂಬರಿನಲ್ಲಿ ಅಣ್ಣ ಫರ್ಡಿನಾಂಡನ ಮನೆಗೆ ಬಂದು ಸೇರಿಕೊಂಡ. ಅಕ್ಟೋಬರ್ 2ರಂದು ಲೈಪ್‌ಜಿಗ್‌ನ ಪ್ರಕಾಶಕನಿಗೆ ಪತ್ರ ಬರೆದು, ಇಂಥದ್ದೊಂದು ಮುಗಿಸಿದ್ದೇನೆ ಅಂತ ತಿಳಿಸಿದ. ಪ್ರಕಾಶಕ ಆಸಕ್ತಿ ತೋರಿಸಲಿಲ್ಲ. ನವೆಂಬರ್ 19ಕ್ಕೆ ಶೂಬರ್ಟ್ ಸತ್ತ. ಕ್ವಿಂಟೆಟ್ ಮೊದಲ ಸಲ ಜನರೆದುರು ಕೇಳಿಸಿದ್ದು 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ಅವನ ಕೈಬರಹದ ಪ್ರತಿ ಕಳೆದೇ ಹೋಯಿತು. ಇಪ್ಪತ್ತೆರಡು ವರ್ಷ ಇದು ಬರೀ ಕಾಗದವಾಗಿ ಬಿದ್ದಿತ್ತು ಅಂತ ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ನಾನು ಇದನ್ನು ಮೊದಲು ಕೇಳಿದ್ದು ಓದುವಾಗ, ಹಾಸ್ಟೆಲಿನ ಗೆಳತಿಯ ಫೋನಿನಲ್ಲಿ. ಚೆನ್ನಾಗಿದೆ ಅನ್ನಿಸಿತ್ತು, ಅಷ್ಟೆ. ಇದು ಬೇಕೇ ಬೇಕು ಅನ್ನಿಸಿದ್ದು ಮನೆಯಲ್ಲಿ, ಹೋದ ವರ್ಷ.

ನಮ್ಮಪ್ಪ ಭಜನೆಗೆ ತಬಲಾ ನುಡಿಸುತ್ತಿದ್ದವರು. ಹೋದ ವರ್ಷ ಯುಗಾದಿ ಕಳೆದ ಹದಿನೈದು ದಿನಕ್ಕೆ ಲಕ್ವ ಹೊಡೆಯಿತು. ಮಾತು ಉಳಿಯಿತು, ನಡಿಗೆ ಅರ್ಧ ಬಂತು, ಬಲಗೈ ಬರಲಿಲ್ಲ. ಆಮೇಲೆ ಮನೆಯಲ್ಲಿ ಹಾಡು ನಿಂತುಹೋಯಿತು. ದಾಸರ ಪದ ಹಾಕಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಶನಿವಾರ ರಾಮಮಂದಿರದ ಮೈಕ್ ಶುರುವಾದರೆ ಕಿಟಕಿ ಮುಚ್ಚು ಅನ್ನುತ್ತಿದ್ದರು. ಪ್ರತಿ ಹಾಡಿನಲ್ಲೂ ಅವರ ಕೈ ಇತ್ತು. ಎಲ್ಲಿ ಉರುಳಿಕೆ ಬರಬೇಕು, ಎಲ್ಲಿ ಮುಕ್ತಾಯ ಹೊಡೆಯಬೇಕು ಅಂತ ಅವರ ಮೈಗೆ ಗೊತ್ತಿತ್ತು, ಕೈಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಕೊಬ್ಬರಿ ಸುಲಿಯುವಾಗ ನಾನು ನನ್ನಷ್ಟಕ್ಕೆ ಕ್ವಿಂಟೆಟ್ಟಿನ ಎರಡನೇ ಭಾಗ ಹಾಕಿಕೊಂಡಿದ್ದೆ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಏಳಲಿಲ್ಲ.

ಈ ಎರಡನೇ ಭಾಗ ಹೇಗಿದೆ ಅಂದರೆ, ನಡುವಿನ ಮೂವರು ಬಹಳ ಉದ್ದುದ್ದ ಸ್ವರ ಹಿಡಿದು ಸಾಗುತ್ತಾರೆ. ಎಷ್ಟು ನಿಧಾನ ಅಂದರೆ ಸ್ವರ ಬದಲಾದದ್ದು ಬದಲಾದ ಮೇಲೆ ಗೊತ್ತಾಗುತ್ತದೆ. ಮೇಲಿನಿಂದ ಮೊದಲ ಪಿಟೀಲು ಆಗೊಂದು ಈಗೊಂದು ಚೂರು ಮಾತಾಡುತ್ತದೆ, ಮಲಗಿದವರ ತಲೆದೆಸೆಯಲ್ಲಿ ಕೂತು ನೀರು ಬೇಕಾ ಅಂತ ಕೇಳಿದಂತೆ. ಕೆಳಗಿನಿಂದ ಎರಡನೇ ಚೆಲ್ಲೊ ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟುತ್ತದೆ.

ಅಪ್ಪ ಐದು ನಿಮಿಷ ಕೇಳಿ, "ಇದ್ರಲ್ಲಿ ತಾಳ ಯಾರು ಹಾಕ್ತಾ ಇರೋದು?" ಅಂದರು. ಯಾರೂ ಇಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸುತ್ತಾರೆ ಅಂದೆ. "ಇಲ್ಲ ಕಣವ್ವ. ತಳದಲ್ಲಿ ಡುಮ್ ಡುಮ್ ಅಂತಾವ್ನಲ್ಲ, ಅವ್ನೇ ಎಲ್ರನ್ನೂ ಹೊತ್ಕಂಡಿರೋದು. ಅವ್ನು ಬಿಟ್ರೆ ಎಲ್ಲಾ ಬೀಳ್ತದೆ."

ಶೂಬರ್ಟ್‌ಗಿಂತ ಮುಂಚೆ ಮೊಜಾರ್ಟ್ ಕ್ವಿಂಟೆಟ್ ಬರೆದಾಗ ಎರಡು ವಿಯೋಲಾ ಇಟ್ಟಿದ್ದ. ಬೊಕೆರಿನಿ ಎರಡು ಚೆಲ್ಲೊ ಬಳಸಿದ್ದ. ಶೂಬರ್ಟ್ ಎರಡನೇ ದಾರಿ ಹಿಡಿದ. ಒಂದು ಚೆಲ್ಲೊ ನೆಲ ಕಾಯುವಾಗ ಇನ್ನೊಂದಕ್ಕೆ ಹಾಡಲು ಬಿಡುವು ಸಿಗುತ್ತದೆ. ಇದನ್ನು ನಾನು ಓದಿ ತಿಳಿದದ್ದು. ಅಪ್ಪ ಯಾವುದನ್ನೂ ಓದದೆ ಐದು ನಿಮಿಷಕ್ಕೆ ಕಂಡುಕೊಂಡರು.

ಆಮೇಲೆ ಇದ್ದಕ್ಕಿದ್ದಂತೆ ಬಿರುಗಾಳಿ. ಸ್ವರಸಾಲೇ ಬದಲಾಗಿ, ಪಿಟೀಲು ಮತ್ತು ಮೊದಲ ಚೆಲ್ಲೊ ಒಟ್ಟಿಗೆ ಕೂಗಿಕೊಳ್ಳುತ್ತವೆ. ಉಳಿದವರು ತಾಳಕ್ಕೆ ಅಡ್ಡವಾಗಿ ಬಡಿಯುತ್ತಾರೆ. ಕೊನೆಗೆ ಎಲ್ಲಾ ಚೂರುಚೂರಾಗಿ, ನಡುನಡುವೆ ಬರೀ ಮೌನ. ಅದು ಕಳೆದ ಮೇಲೆ ಮೊದಲಿನ ಹಾಡೇ ವಾಪಸ್ ಬರುತ್ತದೆ. ಆದರೆ ಕೆಳಗಿನವನು ಈಗ ಬರೀ ಮೀಟುತ್ತಾ ಕೂರುವುದಿಲ್ಲ. ಮೇಲೆ ಶಾಂತವಾಗಿದ್ದರೂ ತಳದಲ್ಲಿ ಓಡಾಡುತ್ತಾನೆ, ಇನ್ನೊಮ್ಮೆ ಗಾಳಿ ಬಂದೀತು ಅನ್ನುವ ಹಾಗೆ. ಲಕ್ವ ಹೊಡೆದ ಮನೆಯಲ್ಲಿ ಆಮೇಲಿನ ರಾತ್ರಿಗಳು ಹೀಗೇ ಇರುತ್ತವೆ. ಅಪ್ಪ ಒಂದು ಸಲ ಕೆಮ್ಮಿದರೆ ಅಮ್ಮ ಎದ್ದು ಕೂರುತ್ತಾಳೆ.

ಅವತ್ತು ಅಪ್ಪ ಎಡಗೈ ಬೆರಳಲ್ಲಿ ಮಂಡಿ ಮೇಲೆ ಆ ಚೆಲ್ಲೊ ಹಿಡಿಯಲು ನೋಡಿದರು. ಸಿಗಲಿಲ್ಲ, ಸಿಗುವಂಥದ್ದೂ ಅಲ್ಲ. ಬೇಜಾರು ಮಾಡಿಕೊಳ್ಳಲಿಲ್ಲ. ಈ ಸಂಗೀತದಲ್ಲಿ ಅವರ ಹಳೇ ಕೈ ಇರಲಿಲ್ಲ. ಅದಕ್ಕೇ ಕೇಳಲು ಆಯಿತು ಅಂತ ನನ್ನ ಲೆಕ್ಕ. ಈಗ ವಾರಕ್ಕೆ ಎರಡು ಮೂರು ಸಲ "ಆ ಡುಮ್ ಡುಮ್ ಹಾಕು" ಅನ್ನುತ್ತಾರೆ. ಭಜನೆಗೆ ಇನ್ನೂ ಹೋಗಿಲ್ಲ. ಕಿಟಕಿ ಮುಚ್ಚಿಸುವುದು ಮಾತ್ರ ನಿಲ್ಲಿಸಿದ್ದಾರೆ.

"ನಮ್ಮ ಸಂಗೀತಕ್ಕೆ ಬರವಾ? ಇಂಗ್ಲಿಷ್‌ನವರದ್ದು ಯಾಕೆ?" ಅಂತ ಚಿಕ್ಕಪ್ಪ ಕೇಳಿದ್ದುಂಟು. ಮೊದಲನೆಯದಾಗಿ ಶೂಬರ್ಟ್ ಇಂಗ್ಲಿಷ್‌ನವನಲ್ಲ. ಎರಡನೆಯದಾಗಿ ಇದೇನು ನಮ್ಮ ಸೀಮೆಗೆ ಹೊಸದಲ್ಲ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯಾದ ಸಂಗೀತಗಾರ ಮೆಟ್ನರ್‌ನ ಕೃತಿಗಳ ಗ್ರಾಮಫೋನ್ ಪ್ಲೇಟು ಮಾಡಿಸಲು 1940ರ ದಶಕದಲ್ಲಿ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರ್. ಕೀರ್ತನೆ ರಚಿಸಿದ ಮಹಾರಾಜರಿಗೇ ಎರಡೂ ಬೇಕಿತ್ತು.

ಕ್ವಿಂಟೆಟ್ಟಿನ ಮೂರನೇ ಭಾಗ ಬೇಟೆಗೆ ಹೊರಟಂತೆ ಜೋರು, ನಾಲ್ಕನೆಯದು ಕುಣಿತ. ಒಟ್ಟಾರೆ ಇದರ ಸ್ವರಗಳು ನಮ್ಮ ಶಂಕರಾಭರಣದವು. ಆದರೆ ಕಟ್ಟಕಡೆಯಲ್ಲಿ, ಐದೂ ಜನ ಷಡ್ಜಕ್ಕೆ ಬಂದು ನಿಲ್ಲುವಾಗ, ಅದರ ಮೇಲಿನ ಶುದ್ಧ ರಿಷಭವನ್ನು ಒಂದು ಸಲ ಜೋರಾಗಿ ತಾಗಿಸಿ ಇಳಿಯುತ್ತಾರೆ. ಶಂಕರಾಭರಣಕ್ಕೆ ಸೇರದ ಸ್ವರ ಅದು. ಹಬ್ಬದ ಊಟದ ಕೊನೆ ತುತ್ತಿನಲ್ಲಿ ಮೆಣಸು ಸಿಕ್ಕಿದಂತೆ.

ಯೂಟ್ಯೂಬಿನಲ್ಲಿ ಹುಡುಕುವವರು ಪ್ರಾಡ್ ಊರಿನಲ್ಲಿ 1952ರಲ್ಲಿ ಪಾಬ್ಲೊ ಕಸಾಲ್ಸ್ ಮೊದಲ ಚೆಲ್ಲೊ, ಐಸಾಕ್ ಸ್ಟರ್ನ್ ಮೊದಲ ಪಿಟೀಲು ನುಡಿಸಿದ್ದನ್ನು ನೋಡಿ. ಹಳೇ ರೆಕಾರ್ಡಿಂಗ್, ಆದರೂ ನನಗೆ ಅದೇ ಇಷ್ಟ. ಐವತ್ತು ನಿಮಿಷ ಕೂರಲು ಆಗದಿದ್ದರೆ ಎರಡನೇ ಭಾಗ ಮಾತ್ರ ಕೇಳಿ. ಇಯರ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಸಣ್ಣ ಬ್ಲೂಟೂತ್ ಸ್ಪೀಕರ್ ಇದ್ದರೆ ಹಚ್ಚಿ. ಬರೀ ಫೋನ್ ಸ್ಪೀಕರಿನಲ್ಲಿ ಆ ಕೆಳಗಿನವನು ಸರಿಯಾಗಿ ಕೇಳಿಸುವುದಿಲ್ಲ.